‘ಏನೂ ಮಾಡಲ್ಲ, ಬನ್ನಿ’: ರತ್ನಗಿರಿ ಬೋರೆಯಲ್ಲಿ ಚಿಕ್ಕಮ್ಮನ ವಾಕಿಂಗ್

ವಿಡಿಯೋ ಮಬ್ಬಾಗಿ ಕಾಣುತ್ತಿದೆ ಅಂತ ಸೆಟ್ಟಿಂಗ್ ಹುಡುಕಬೇಡಿ. ಲೆನ್ಸ್ ಸರಿಯಾಗಿದೆ, ಊರೇ ಮಬ್ಬಾಗಿದೆ. ಚಿಕ್ಕಮಗಳೂರು, ರತ್ನಗಿರಿ ಬೋರೆ ಪಾರ್ಕು, ಬೆಳಿಗ್ಗೆ ಆರೂವರೆ. ಮುಂದೆ ನೀಲಿ ಸ್ವೆಟರ್ ಹಾಕಿಕೊಂಡು ಹೋಗುತ್ತಿರುವವರು ನಮ್ಮ ಚಿಕ್ಕಮ್ಮ. ಮಂಡಿನೋವಿಗೆ ದಿನಾ ನಡೆಯಿರಿ ಅಂದಿದ್ದಾರೆ ಡಾಕ್ಟರ್. ಶಿಕ್ಷೆ ನನಗೂ ಸೇರಿಸಿ. ಆ ಮೋಡದ ಹಿಂದೆ ಮುಳ್ಳಯ್ಯನಗಿರಿ ಇದೆ. ನಂಬಿ, ಇದೆ. 1930 ಮೀಟರ್ ಎತ್ತರದ ಬೆಟ್ಟ ಹೀಗೆ ಮಾಯವಾಗುವುದು ನಮ್ಮಲ್ಲಿ ಮಾಮೂಲು.

ದಾರಿ ಬದಿಯಲ್ಲಿ ಮಲಗಿರುವ ಆ ಕಂದು ನಾಯಿ ನೋಡಿ. ಝೂಮ್ ಮಾಡುತ್ತೇನೆ, ಹತ್ತಿರ ಹೋಗಲ್ಲ. ಒಂದು ಕಿವಿಯ ತುದಿ ಇಲ್ಲ, ಕಾಣ್ತಾ? ಯಾರೋ ಕಚ್ಚಿ ಹರಿದದ್ದಲ್ಲ ಅದು. ಮರಿ ಆಗದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ ಬಿಟ್ಟಿದ್ದಾರೆ ಅನ್ನುವ ಗುರುತು. ಬೀದಿನಾಯಿಗಳ ಬಗ್ಗೆ ಇರುವ 2023ರ ನಿಯಮದ ಪ್ರಕಾರ ಹಿಡಿದ ಜಾಗಕ್ಕೇ ವಾಪಸ್ ತಂದು ಬಿಡಬೇಕು. ಆಮೇಲೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನು ಇಂಥ ಕಡೆ ಹಿಡಿದ ನಾಯಿಗಳನ್ನು ಅಲ್ಲಿಗೇ ಮತ್ತೆ ಬಿಡಬೇಡಿ ಅಂದಿತು. ಹಾಗಂತ ಕಿವಿ ನೋಡಿ ಧೈರ್ಯವಾಗಿ ತಲೆ ಸವರಲು ಹೋಗಬೇಡಿ. ಲಸಿಕೆ ವರ್ಷ ವರ್ಷ ಹಾಕಿಸಬೇಕು, ಕಿವಿ ಒಂದೇ ಸಲ ಕತ್ತರಿಸುವುದು.

ಈ ಬೀದಿನಾಯಿಗಳು ಏನೂ ಮಾಡಲಿಲ್ಲ ನಮಗೆ. ಹಾಗೇ ಮಲಗಿದ್ದವು. ಆವತ್ತು ಚಿಕ್ಕಮ್ಮನಿಗೆ ಕಚ್ಚಿದ್ದು ಮನೆಯ ನಾಯಿ. ಬೆಲ್ಟ್ ಇರುವ, ಶಾಂಪೂ ಹಾಕಿ ಸ್ನಾನ ಮಾಡಿಸಿದ, ಹೊಳೆಯುವ ಲ್ಯಾಬ್ರಡಾರ್.

ಈಗ ಬರುತ್ತೆ, ಸ್ವಲ್ಪ ನಿಧಾನ ಮಾಡಿದ್ದೇನೆ. ಎದುರಿನಿಂದ ಬರುತ್ತಿರುವವರ ಮುಖ ಮುಚ್ಚಿದ್ದೇನೆ, ನಾಯಿಯದು ಮುಚ್ಚಿಲ್ಲ. ಬಲಗೈಯಲ್ಲಿ ಫೋನು. ಎಡಗೈಯಲ್ಲಿ ಬಟನ್ ಇರುವ ಲೀಶ್, ಟೇಪಿನ ಹಾಗೆ ಉದ್ದಕ್ಕೆ ಬಿಡುತ್ತಾ ಹೋಗುತ್ತದಲ್ಲ, ಅದು. ದಾರ ತಡೆಯುವ ಆ ಬಟನ್ ಮೇಲೆ ಹೆಬ್ಬೆರಳೇ ಇಲ್ಲ. ಚಿಕ್ಕಮ್ಮ ಪಕ್ಕಕ್ಕೆ ಸರಿದು ನಿಂತರು. ಆಗ ಬಂತು ಆ ಮಾತು: “ಏನೂ ಮಾಡಲ್ಲ, ಬನ್ನಿ ಮೇಡಂ!”

ನಾಯಿ ಸಾಕಿದವರೆಲ್ಲ ಈ ಮಾತು ಹೇಳುತ್ತಾರೆ. ನಿಮಗೆ ಮಾಡಲ್ಲ ಸ್ವಾಮಿ, ಅನ್ನ ಹಾಕುವವರು ನೀವು. ನಮಗೆ ಮಾಡಲ್ಲ ಅಂತ ಅದು ನಿಮಗೆ ಬರೆದುಕೊಟ್ಟಿದೆಯಾ?

ನಾಯಿ ಮೂಸುತ್ತಾ ಚಿಕ್ಕಮ್ಮನ ಸುತ್ತ ಒಂದು ಸುತ್ತು ಹಾಕಿತು. ಲೀಶು ಕಾಲಿಗೆ ಸುತ್ತಿಕೊಂಡಿತು. ಇವರು ಗಾಬರಿಯಾಗಿ ಕಾಲು ಎಳೆದರು, ದಾರ ಬಿಗಿಯಿತು, ನಾಯಿಯೂ ಹೆದರಿತು. ಬಾಲ ಆಡಿಸುತ್ತಲೇ ಇತ್ತು, ಗಮನಿಸಿ. ಆದರೆ ಮೈಯೆಲ್ಲ ಸೆಟೆದುಕೊಂಡಿದೆ, ಬಾಯಿ ಮುಚ್ಚಿದೆ. ಬಾಲ ಆಡಿಸಿದ ಮಾತ್ರಕ್ಕೆ ನಾಯಿ ಖುಷಿಯಾಗಿದೆ ಅಂತಲ್ಲ. ಮೀನಖಂಡಕ್ಕೆ ಬಾಯಿ ಹಾಕಿ ಬಿಟ್ಟಿತು. ಅಷ್ಟೇ, ಒಂದು ಕ್ಷಣ. ಒಂದು ಗೀರು, ಅದರ ತುದಿಯಲ್ಲಿ ಸಾಸಿವೆಯಷ್ಟು ರಕ್ತ.

“ನೋಡಿ ಸರ್, ರಕ್ತ ಬಂದಿದೆ.”

“ಅದು ಹಲ್ಲಲ್ಲಮ್ಮ, ಉಗುರು ತಾಗಿದ್ದು.”

ಇಲ್ಲಿ ಅರ್ಧ ಗಂಟೆ ವಾದ ನಡೆಯಿತು, ಕತ್ತರಿಸಿದ್ದೇನೆ. ಉಗುರೇ ಅಂತ ಇಟ್ಟುಕೊಳ್ಳೋಣ. ಚರ್ಮ ಸೀಳಿ ರಕ್ತ ಬಂದರೆ ಹಲ್ಲಾದರೂ ಉಗುರಾದರೂ ಚಿಕಿತ್ಸೆ ಒಂದೇ. ರಕ್ತ ಬಾರದ ಬರೀ ಪರಚಾದರೂ ಲಸಿಕೆ ಬೇಕೇ ಬೇಕು. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬರು ಪೊಲೀಸ್ ಕಂಪ್ಲೇಂಟ್ ಕೊಡಿ ಅಂದರು. ಮನೆಗೆ ಬಂದು ನೋಡಿದೆ, ನಿಜವಾಗಿಯೂ ಕಾನೂನಿದೆ. ಸಾಕಿದ ಪ್ರಾಣಿಯ ಬಗ್ಗೆ ಅಜಾಗ್ರತೆ ತೋರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಾವು ಕೊಡಲಿಲ್ಲ. ಚಿಕ್ಕಮ್ಮನಿಗೆ ಸ್ಟೇಷನ್ನು ಅಂದರೆ ನಾಯಿಗಿಂತ ಭಯ.

ಈ ಟೀ ಅಂಗಡಿ ಶಾಟು ಉದ್ದ ಇದೆ, ಬೇಕಂತಲೇ ಬಿಟ್ಟಿದ್ದೇನೆ. ಕಚ್ಚಿದ ತಕ್ಷಣ ಮಾಡಬೇಕಾದ್ದು ಸೋಪು ಹಾಕಿ, ಹರಿಯುವ ನೀರಿನಲ್ಲಿ, ಹದಿನೈದು ನಿಮಿಷ ತೊಳೆಯುವುದು. ಹದಿನೈದು ನಿಮಿಷ ಅಂತ ಹೇಳುವುದು ಸುಲಭ. ಡಿಸೆಂಬರ್ ಚಳಿಯಲ್ಲಿ ಸೀರೆ ಎತ್ತಿ ಹಿಡಿದುಕೊಂಡು ಅಂಗಡಿ ನಲ್ಲಿಯ ಕೆಳಗೆ ನಿಂತವರನ್ನು ಕೇಳಿ. ಅಂಗಡಿಯವರು ಕೊಟ್ಟದ್ದು ಪಾತ್ರೆ ತೊಳೆಯುವ ಹಸಿರು ಸೋಪಿನ ಚೂರು, ಅದಕ್ಕೆ ಉಜ್ಜುವ ತಂತಿಯ ಎರಡು ಎಳೆ ಅಂಟಿಕೊಂಡಿತ್ತು. ಕಿತ್ತು ತೆಗೆದೆ. ಮೂರು ನಿಮಿಷಕ್ಕೇ “ಸಾಕು ಬಿಡೇ, ಮರಗಟ್ಟಿತು” ಅಂದರು ಚಿಕ್ಕಮ್ಮ. ನಾನು ಫೋನಿನಲ್ಲಿ ಟೈಮರ್ ಇಟ್ಟು ತೋರಿಸಿದೆ. ಅಂಗಡಿಯವರು ಟ್ಯಾಂಕಿನ ಕಡೆ ನೋಡಿದರು. ನಾನು ನೋಡದ ಹಾಗೆ ಮಾಡಿದೆ. ರೇಬಿಸ್ ವೈರಸ್ಸಿನ ಮೇಲ್ಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಅದಕ್ಕೇ ಬರೀ ನೀರು ಸಾಲದು.

ಅಷ್ಟರಲ್ಲಿ ಅವರೇ ಡಬ್ಬಿ ತಂದರು. “ಕಾಫಿ ಪುಡಿ ಒತ್ತಿ ಹಿಡೀರಮ್ಮ, ರಕ್ತ ನಿಲ್ಲುತ್ತೆ.” ನಮ್ಮ ಜಿಲ್ಲೆಯಲ್ಲಿ ತಲೆನೋವಿನಿಂದ ಹಿಡಿದು ಎಲ್ಲದಕ್ಕೂ ಕಾಫಿ ಪುಡಿಯೇ. ಬೇಡ ಅಂದೆ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಯಾವುದೂ ಗಾಯಕ್ಕೆ ಬೇಡ. ಅದೂ ಆ ಡಬ್ಬಿಯಲ್ಲಿ ಇದ್ದದ್ದು ಅರ್ಧಕ್ಕರ್ಧ ಚಿಕೋರಿ, ವಾಸನೆಯಲ್ಲೇ ಗೊತ್ತಾಯಿತು. ಕಾಫಿ ಬೆಳೆಯುವ ಊರಲ್ಲಿ ಇಷ್ಟು ಚಿಕೋರಿ ಕುಡಿಸುವವರಿಗೆ ಯಾವ ಸೆಕ್ಷನ್ ಹಾಕಬೇಕೋ. ನಮ್ಮ ತಾತನ ಕಾಲದಲ್ಲಿ... ಇರಲಿ, ಶಾಟ್ ಮುಗೀತಾ ಬಂತು.

ಮೊದಲು ಹೋದದ್ದು ಹತ್ತಿರದ ಒಂದು ಕ್ಲಿನಿಕ್‌ಗೆ. ಟಿಟಿ ಹಾಕಿದರು, ಬ್ಯಾಂಡೇಜು ಸುತ್ತಿದರು, ಇನ್ನೂರೈವತ್ತು ತಗೊಂಡರು. ಮನೆ ನಾಯಿ ತಾನೆ, ಸಾಕು ಅಂದರು. ನನಗೆ ಈಗಲೂ ಉರಿಯುತ್ತದೆ. ಟಿಟಿ ಧನುರ್ವಾಯುವಿಗೆ, ರೇಬಿಸ್‌ಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಲಕ್ಷಣ ಶುರುವಾದ ಮೇಲೆ ಬದುಕಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು ಇದರಲ್ಲಿ. ಅಲ್ಲಿಂದ ಸೀದಾ ಸರ್ಕಾರಿ ಆಸ್ಪತ್ರೆಗೆ ಆಟೋ ಹತ್ತಿದೆವು.

ಅಲ್ಲಿ ಮೊದಲು ಮಾಡಿದ್ದು ಬ್ಯಾಂಡೇಜು ಬಿಚ್ಚಿದ್ದು. ಗಾಯ ನೋಡಿ ಮೂರನೇ ದರ್ಜೆ, ಅಂದರೆ ಎಲ್ಲಕ್ಕಿಂತ ಗಂಭೀರವಾದದ್ದು ಅಂದರು ನರ್ಸ್. ಸಾಸಿವೆಯಷ್ಟು ರಕ್ತಕ್ಕೆ ಮೂರನೇ ದರ್ಜೆಯಾ ಅಂದರೆ, ಹೌದು, ಚರ್ಮ ದಾಟಿದರೆ ಅಷ್ಟೇ. ಅಂಥದ್ದಕ್ಕೆ ಲಸಿಕೆ ಒಂದೇ ಸಾಲದು, ಇಮ್ಯುನೋಗ್ಲಾಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್ ಬೇಕು. ಲಸಿಕೆ ಹಾಕಿದ ಮೇಲೆ ನಮ್ಮ ಮೈ ತಯಾರಾಗಲು ವಾರಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಲ್ಲಿವರೆಗೆ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಇದು. ಹಾಗಾಗಿ ಗಾಯದ ಒಳಗೇ, ಸುತ್ತಲೂ ಚುಚ್ಚುತ್ತಾರೆ. ಚಿಕ್ಕಮ್ಮ ಕೂಗಿದ್ದು ಕಾರಿಡಾರ್‌ವರೆಗೂ ಕೇಳಿಸಿರುತ್ತದೆ. ಆಡಿಯೋ ತೆಗೆದಿದ್ದೇನೆ, ಅವರ ಷರತ್ತು ಅದು.

ಲಸಿಕೆ ಮಾತ್ರ ಏನೂ ಅಲ್ಲ. ಎರಡೂ ತೋಳಿಗೆ ಚರ್ಮದಲ್ಲೇ 0.1 ಮಿಲಿ, ಇರುವೆ ಕಚ್ಚಿದಷ್ಟು. ಆವತ್ತು, 3ನೇ ದಿನ, 7ನೇ ದಿನ, 28ನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಇವತ್ತಿಗೂ ಹೆದರಿಸುತ್ತಾರಲ್ಲ, ಆ ಹಳೇ ಲಸಿಕೆ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷವಾಯಿತು. ದುಡ್ಡು? ಒಂದು ಪೈಸೆ ಇಲ್ಲ. ಆ ಇನ್ನೂರೈವತ್ತು ಮಾತ್ರ ನನ್ನ ಕಣ್ಣ ಮುಂದೆ ಇನ್ನೂ ಇದೆ.

ಇದು ಬೇರೆ ದಿನದ ಶಾಟು. ಹೌದು, ಮತ್ತೆ ಬೋರೆ. ಚಿಕ್ಕಮ್ಮನ ಕೈಯಲ್ಲಿ ಛತ್ರಿ, ಮಳೆಗಲ್ಲ. ನಾಯಿ ಮೇಲೆ ಬಂದರೆ ಓಡಬಾರದು, ಕಿರುಚಬಾರದು. ಕೈ ಮೈಗೆ ಒತ್ತಿಕೊಂಡು ಮರದ ಹಾಗೆ ನಿಲ್ಲಬೇಕು, ಕಣ್ಣಲ್ಲಿ ಕಣ್ಣಿಡಬಾರದು, ಅದು ಸುಮ್ಮನಾದ ಮೇಲೆ ಬೆನ್ನು ತೋರಿಸದೆ ಮೆಲ್ಲಗೆ ಸರಿಯಬೇಕು. ಛತ್ರಿನೋ ಬ್ಯಾಗೋ ನಡುವೆ ಹಿಡಿಯಬಹುದು. ಬಿದ್ದರೆ ಮುದುರಿಕೊಂಡು ಕುತ್ತಿಗೆ, ಕಿವಿ ಮುಚ್ಚಿಕೊಳ್ಳಿ. ಜಾಗಿಂಗ್ ಮಾಡುವ ಹುಡುಗರಿಗೆ ಒಂದು ಮಾತು, ಈ ಚಳಿಗಾಲದಲ್ಲಿ ಪೊದೆ ಪಕ್ಕ ಮರಿ ಹಾಕಿರುತ್ತವೆ. ಅಲ್ಲಿ ಓಡಬೇಡಿ, ಸುತ್ತಿಕೊಂಡು ನಡೆದು ಹೋಗಿ.

ಆವತ್ತು ನನಗೆ ಪಾರ್ಕಿಗೆ ನಾಯಿ ತರುವುದನ್ನೇ ನಿಲ್ಲಿಸಬೇಕು ಅನ್ನಿಸಿತ್ತು. ಈಗ ಅಷ್ಟು ಸಿಟ್ಟಿಲ್ಲ. ಆ ಮುಂದಿನ ಹುಡುಗಿ ನೋಡಿ, ಲೀಶು ಗಿಡ್ಡ ಹಿಡಿದಿದ್ದಾಳೆ, ನಮ್ಮನ್ನು ಕಂಡ ಕೂಡಲೇ ನಾಯಿಯನ್ನು ತನ್ನ ಆ ಕಡೆಗೆ ಹಾಕಿಕೊಂಡಳು. ಫೋನು ಜೇಬಲ್ಲಿದೆ. ಇವಳ ಥರ ಇದ್ದರೆ ಬೇಕಾದರೆ ಹತ್ತು ನಾಯಿ ಬರಲಿ. ಬಟನ್ ಲೀಶ್ ಮಾತ್ರ ಪಾರ್ಕಿನೊಳಗೆ ಬೇಡವೇ ಬೇಡ, ಅದರಲ್ಲಿ ನಾನು ಬದಲಾಗಲ್ಲ. ದಾರಿ ಮೇಲೇ ಬಿಸ್ಕೆಟ್ ಸುರಿಯುವವರ ಬಗ್ಗೆಯೂ ಬೈಯೋಣ ಅಂತಿದ್ದೆ. ಆದರೆ ಇಲ್ಲಿ ಯಾವ ನಾಯಿಗೆ ಲಸಿಕೆ ಆಗಿದೆ, ಯಾವುದಕ್ಕೆ ಹುಷಾರಿಲ್ಲ ಅಂತ ಗೊತ್ತಿರುವುದು ಅವರಿಗೇ. ಮೂಲೆಯಲ್ಲಿ ಹಾಕಿ, ಅಷ್ಟೇ.

ಆ ನಾಯಿಯವರ ಕಥೆ ಕೇಳ್ತಿದ್ದೀರಿ ಅಲ್ವಾ. ಲಸಿಕೆ ಕಾರ್ಡ್ ಕಳಿಸಿದರು. ಕೊನೆಯ ಸೀಲು ಹೋದ ವರ್ಷದ ಹಿಂದಿನ ವರ್ಷದ್ದು! ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು, ದಿನಾ ಬೆಳಿಗ್ಗೆ ಒಂದು ವಿಡಿಯೋ ಕಳಿಸಿ ಸರ್ ಅಂದೆ. ಕಳಿಸಿದರು, ಅದಕ್ಕೆ ಮೆಚ್ಚಬೇಕು. ತಿನ್ನುತ್ತಿದೆ, ಓಡಾಡುತ್ತಿದೆ, ಸೋಫಾ ಹರಿಯುತ್ತಿದೆ. ಹತ್ತು ದಿನ ಕಳೆದರೂ ಆರೋಗ್ಯವಾಗಿದ್ದದ್ದರಿಂದ ಆ ಭಯ ಹೋಯಿತು. ಆದರೂ ಶುರು ಮಾಡಿದ ಕೋರ್ಸ್ ಮುಗಿಸಿಬಿಡಿ, ಮುಂದೆ ಎಂದಾದರೂ ಕಚ್ಚಿದರೆ ಎರಡೇ ಡೋಸ್ ಸಾಕಾಗುತ್ತೆ ಅಂದರು ಡಾಕ್ಟರ್.

28ನೇ ದಿನ ಕಡೂರಿನಲ್ಲಿ ಮದುವೆ. ಚೀಟಿ ತಗೊಂಡು ಹೋದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಬಹುದು ಅಂದೆ. ರೇಷ್ಮೆ ಬ್ಲೌಸಿನ ತೋಳು ಬಿಗಿ, ಮೇಲೆ ಹೋಗಲ್ಲ, ಎರಡೂ ತೋಳಿಗೆ ಹೇಗೆ ಹಾಕಿಸಲಿ ಅಂತ ಚಿಕ್ಕಮ್ಮ ಈಗಲೇ ಕೂತಿದ್ದಾರೆ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಕೆಳಗೆ ಬರೆಯಿರಿ, ಬ್ಯಾಟರಿ ಕೆಂಪು ತೋರಿಸುತ್ತಿದೆ, ಬರ್ತೀನಿ.