ಶಾಫ್ಟಿಗೆ ಲೆಕ್ಕ ಅದ, ಸಾಲಕ್ಕ ಇಲ್ಲ

ನಮಸ್ಕಾರ್ರೀ. ಇವತ್ತ ಒಂದ್ ಬೈಕಿನ ಕಥಿ ಹೇಳ್ತೀನಿ. ನಾನು ಕಲಬುರಗಿದಾಗ ಮೆಕ್ಯಾನಿಕಲ್ ಹುಡುಗರಿಗೆ ಮಷಿನ್ ಡಿಸೈನ್ ಹೇಳೋ ಮಾಸ್ತರ, ನಿಮಗ ಗೊತ್ತೇ ಅದ. ನಮ್ಮ ಕ್ಲಾಸಿನ ಒಬ್ಬ ಹುಡುಗ, ಜೇವರ್ಗಿ ಕಡಿಯವ, ಹೊಸಾ ಬೈಕ್ ತಗೊಂಡು ಬಂದು ಪೇಢಾ ಕೊಟ್ಟ. ತಿನ್ಕೋತ ಕೇಳ್ದೆ, "ಬಡ್ಡಿ ಎಷ್ಟಲೇ?"

"ಹತ್ತ್ ಪರ್ಸೆಂಟ್ ರೀ ಸರ್. ಭಾಳ ಕಡಿಮಿ ಅಂತ ಹೇಳ್ಯಾರ."

ಅವತ್ತೇ ಮುಂಜಾನಿ ಈ ಹುಡುಗ ಬೋರ್ಡಿನ ಮ್ಯಾಲ ಒಂದ್ ಶಾಫ್ಟ್, ಅಂದ್ರ ಮಷಿನಿನ್ಯಾಗ ತಿರುಗೋ ಉಕ್ಕಿನ ದಂಡ, ಡಿಸೈನ್ ಮಾಡಿದ್ದ. ದಾಲ್ ಮಿಲ್ಲಿನ ಶಾಫ್ಟ್ ಅಂತ ತಿಳ್ಕೊಳ್ರಿ, ನಮ್ಮೂರಾಗ ದಾಲ್ ಮಿಲ್ಲಿಗೇನ್ ಬರ? 7.5 ಕಿಲೋವ್ಯಾಟ್ ಮೋಟಾರು, ನಿಮಿಷಕ್ಕ 200 ಸುತ್ತು, ತಿರುಚೋ ಬಲ ಅಂದ್ರ ಟಾರ್ಕ್ 358 ನ್ಯೂಟನ್ ಮೀಟರ್. ಉಕ್ಕಿನ ಮ್ಯಾಲ ಬೀಳೋ ಒತ್ತಡ, ಅಂದ್ರ ಶಿಯರ್ ಸ್ಟ್ರೆಸ್, ಚದರ ಮಿಲಿಮೀಟರಿಗೆ 40 ನ್ಯೂಟನ್ ಹಿಡದ್ರ ವ್ಯಾಸ 35.7 ಮಿಲಿಮೀಟರ್ ಬರ್ತದ. ಅಲ್ಲಿಗೇ ಬಿಡಲಿಲ್ಲ ಅವ. "ಸರ್, ಗಾಲಿ ಜಾರದಂಗ ಬೆಣಿ ಕೂಡಸೋ ಕಚ್ಚು, ಕೀ ವೇ, ಕೊರೀಬೇಕಲ್ಲ" ಅಂತ 40ರಾಗ ಕಾಲು ಭಾಗ ಕಳದು 30 ಹಿಡದ. 39.3 ಬಂತು. 40 ಎಂಎಂ ಶಾಫ್ಟ್ ಅಂತ ಬರದು ಅಡಿಗೆರಿ ಎಳದ. ಉಕ್ಕಿನಾಗಿನ ಒಂದ್ ಸಣ್ಣ ಕಚ್ಚಿಗೆ ಇಷ್ಟ್ ಹೆದರೋ ಹುಡುಗ, ಮೂರ್ ವರ್ಷದ ಸಾಲದ ಕಾಗದಕ್ಕ ಓದ್ಲಾರ್ದೇ ಸಹಿ ಹಾಕಿ ಬಂದಾನ.

ಕಾಗದ ತರಸಿದೆ. ಸಾಲ 90,000. ಹತ್ತ್ ಪರ್ಸೆಂಟಿನಂಗ ಮೂರ್ ವರ್ಷಕ್ಕ ಬಡ್ಡಿ 27,000. ಒಟ್ಟು 1,17,000, ಅದನ್ನ 36 ಕಂತಿಗೆ ಹಂಚಿ ತಿಂಗಳಿಗೆ 3,250. ಲೆಕ್ಕ ಸರಿ ಅದ ಅನಸ್ತದ ಹೌದಲ್ರೀ? ಆದ್ರ ಎರಡನೇ ವರ್ಷಕ್ಕ ಬರೋದ್ರಾಗ ಅಸಲಿನ್ಯಾಗ ಎಷ್ಟೋ ಕಟ್ಟಿ ಆಗಿರ್ತದ. ಬಡ್ಡಿ ಮಾತ್ರ ಮೊದಲಿನ ಪೂರಾ 90,000ದ ಮ್ಯಾಲೇ ಓಡ್ತಿರ್ತದ. ಇದಕ್ಕ ಫ್ಲ್ಯಾಟ್ ರೇಟ್ ಅಂತಾರ. ಉಳದ ಅಸಲಿನ ಮ್ಯಾಲಷ್ಟೇ ಹತ್ತ್ ಪರ್ಸೆಂಟ್ ಹಚ್ಚಿದ್ರ ಕಂತು 2,904 ಆಗ್ತಿತ್ತು, ಒಟ್ಟು ಬಡ್ಡಿ ಹದಿನಾಲ್ಕೂವರಿ ಸಾವಿರ.

"ಹಂಗಾದ್ರ ಖರೇ ರೇಟ್ ಎಷ್ಟು, ನೀನೇ ತಗಿ" ಅಂದೆ. "ಫಾರ್ಮುಲಾ ಇಲ್ಲಲ್ರೀ ಸರ್" ಅಂದ. ಬೇರಿಂಗ್ ಡಿಸೈನಿಗೆ ಹೆಂಗ್ ಮಾಡ್ತೀ? ಒಂದ್ ಬೆಲೆ ಹಿಡದು, ತಾಳೆ ನೋಡಿ, ತಿದ್ದಿ, ಮತ್ತ ಹಿಡೀತಿ. ಇಲ್ಲೂ ಅಷ್ಟೇ. ತಿಂಗಳಿಗೆ 1 ಪರ್ಸೆಂಟ್ ಹಿಡದ, ಕೂಡಲಿಲ್ಲ. 2 ಹಿಡದ, ದಾಟಿಹೋತು. ಒಂದೂವರಿಗೆ ಬಂದು ಕೂತಿತು. ವರ್ಷಕ್ಕ ಹತ್ರ ಹತ್ರ 18 ಪರ್ಸೆಂಟ್! ಹುಡುಗ ಕ್ಯಾಲ್ಕುಲೇಟರ್ ಟೇಬಲ್ ಮ್ಯಾಲ ಬೋರಲ ಹಾಕಿದ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥಾ ಹೊಸಾ ಸಾಲಕ್ಕ ಒಂದ್ ಮಾಹಿತಿ ಪತ್ರ ಕೊಡಬೇಕು, ಸಾಲಗಾರಗ ತಿಳಿಯೋ ಭಾಷಾದಾಗ. ಅದ್ರಾಗ ಎಪಿಆರ್ ಅಂತ ಒಂದ್ ಸಾಲು ಇರ್ತದ, ಅಂದ್ರ ಬಡ್ಡಿ, ಶುಲ್ಕ ಎಲ್ಲಾ ಸೇರಿ ವರ್ಷಕ್ಕ ಬೀಳೋ ಖರೇ ರೇಟ್. ಮೊದಲ ಆ ಸಾಲು ನೋಡ್ರಿ. ಇವ ನೋಡಿರಲಿಲ್ಲ.

ಈಗ ನನ್ನ ಮಾತು. ಹುಡುಗರಿಗೆ ಹಣಕಾಸು ಕಲಸಾಕ ಒಂದ್ ಬ್ಯಾರೇ ಪೇಪರ್ ಇಡೋಣ ಅಂತಾರ ನಮ್ಮ ಜೊತಿಯವರು. ನನಗ ಒಪ್ಪಿಗಿ ಇಲ್ಲ. ಇಟ್ರ ಏನಾಗ್ತದ? ನಲವತ್ತ್ ಸ್ಲೈಡು, "ಮ್ಯೂಚುವಲ್ ಫಂಡ್ ಅಂದರೇನು" ಅಂತ ಎರಡ್ ಮಾರ್ಕಿನ ಪ್ರಶ್ನೆ, ಪರೀಕ್ಷಾ ಮುಗದ ದಿನ ಮರತು ಬಿಡ್ತಾರ. ಡಿಸೈನ್ ಪೇಪರಿನಾಗೇ ನಮ್ಮ ಮನಿ ಸಾಲದ ಲೆಕ್ಕದ್ದು ಒಂದ್ ಪ್ರಾಬ್ಲಮ್ ಹಾಕ್ರಿ.

ಯಾಕಂದ್ರ ಫೋನಿನಾಗ ಬರೋ ಸಲಹಾ ಎಲ್ಲಾ ಬೆಂಗಳೂರಿನ ಪಗಾರದವರಿಗೆ ಹೊಲದ ಅಂಗಿ. "ಆರ್ ತಿಂಗಳ ಖರ್ಚು ತಗದಿಡ್ರಿ" ಅಂತಾರ. ಯಾರಿಗ್ರೀ ಆರ್ ತಿಂಗಳು? ಈ ಹುಡುಗನ ಮನಿಗೆ ರೊಕ್ಕ ಬರೋದು ವರ್ಷಕ್ಕೊಮ್ಮೆ, ತೊಗರಿ ರಾಶಿ ಆದ ಮ್ಯಾಲ. ಮಳಿ ಕೈಕೊಟ್ರ, ನೆಟೆ ರೋಗ ಬಿದ್ರ ಅದೂ ಇಲ್ಲ. ಫ್ಯಾಕ್ಟರ್ ಆಫ್ ಸೇಫ್ಟಿ, ಅಂದ್ರ ಬೇಕಾದ್ದಕ್ಕಿಂತ ಎಷ್ಟ್ ಪಟ್ಟು ಗಟ್ಟಿ ಮಾಡಬೇಕು ಅನ್ನೋದು, ಕಲಸೋವಾಗ ನಾವು ಏನ್ ಹೇಳ್ತೀವಿ? ಲೋಡು, ಮಟೀರಿಯಲ್ಲು ಎರಡೂ ಖಚಿತ ಇದ್ರ ಎರಡರ ಆಸುಪಾಸು ಸಾಕು. ಹೊಡತ ಬೀಳೋ ಕಡಿ, ಪಟಕ್ಕನ ಮುರಿಯೋ ಎರಕದ ಕಬ್ಬಿಣ ಇದ್ದಲ್ಲಿ ಏರಸ್ರಿ. ಒಣಬೇಸಾಯದ ಮನಿಗೆ ಆರ್ ತಿಂಗಳು ಸಾಲಂಗಿಲ್ಲ, ಮುಂದಿನ ರಾಶಿ ತನಕ ಪೂರಾ ಒಂದ್ ವರ್ಷ ಬೇಕು. ಇಡೋದು ಭಾಳ ಕಠಿಣ ಅದ, ಗೊತ್ತದ ನನಗ, ನಾನೂ ಒಕ್ಕಲುತನದ ಮನಿಯವನೇ. ಆದ್ರ ಸಾಲ ಮಾಡಿ ಬೈಕ್ ತರೋಕಿಂತ ಮೊದಲ ಆ ಸಂಖ್ಯಾ ಎಷ್ಟು ಅಂತಾದ್ರೂ ಬರದು ನೋಡಬೇಕಲ್ಲ.

ಹಂಗಾಗಿ ಈ ಸಲ ಅಸೈನ್‌ಮೆಂಟ್ ಹಿಂಗ ಕೊಟ್ಟೀನಿ: ಮನಿಯಾಗಿನ ಒಂದ್ ಸಾಲದ ಚೀಟಿ ತರ್ರಿ, ಖರೇ ರೇಟ್ ತಗೀರಿ. ಹೆಸರು ಅಳಿಸಿ ತರ್ರಿ ಅಂತ ಹೇಳೀನಿ. ಒಬ್ಬಾಕಿ ಅಡತಿ ಅಂಗಡಿ ಉದ್ರಿ ಚೀಟಿ ತಂದಿದ್ಲು. ಜೂನಿನಾಗ ಬೀಜ-ಗೊಬ್ಬರ 20,000 ರೂಪಾಯಿದು. ತಳದಾಗ "ಬಡ್ಡಿ ಇಲ್ಲ" ಅಂತ ಬರದಿತ್ತು.

"ಸೊನ್ನೀನೇ ಅಲ್ರೀ ಸರ್, ಏನ್ ತಗೀಲಿ?" ಅಂದ್ಲು.

ಜನವರಿದಾಗ ತೊಗರಿ ಯಾರಿಗಿ ಹಾಕಿದ್ರಿ ಅಂತ ಕೇಳ್ದೆ. ಅದೇ ಅಂಗಡಿಗಂತ. ಹತ್ತ್ ಕ್ವಿಂಟಲ್. ಪ್ಯಾಟಿ ಧಾರಣಿಗಿಂತ ಕ್ವಿಂಟಲಿಗೆ 200 ಕಡಿಮಿ. ಆಕಿ ಸುಮ್ಮನ ನಿಂತ್ಲು ಒಂದ್ ಗಳಿಗಿ, ಆಮ್ಯಾಲ ಚೀಟಿ ತಿರುವಿ ಹಿಂದ ಬರೀಲಾಕ ಕುಂತ್ಲು: ಏಳ್ ತಿಂಗಳು, 20,000ಕ್ಕ 2,000.