ಬರೆದವನು ಅಲ್ಲಿಗೆ ಹೋಗಿದ್ದನೇ?

ಕೇಳುಗರಿಗೆ ನಮಸ್ಕಾರ. ಹಳೇ ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಭೂಪಟಗಳು ಮತ್ತು ಅಚ್ಚುಚಿತ್ರಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಇಂಥ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಕಂದು ತಿರುಗಿದ ಕಾಗದ, ಮುರಿದ ಕಂಬಗಳು, ಒಂದು ಒಂಟೆ, ಪೇಟ ಸುತ್ತಿದ ಮೂರು ಜನ. ‘ಚೆಂದ ಇದೆ’ ಅನ್ನುತ್ತೇವೆ, ಮುಂದೆ ಹೋಗುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಒಂದು ಪ್ರಶ್ನೆ ಕೇಳಿ: ಇದನ್ನು ಬರೆದವನು ಅಲ್ಲಿಗೆ ಹೋಗಿದ್ದನೇ?

ಯಾಕೆ ಕೇಳಬೇಕು? ಆಗ ಕ್ಯಾಮೆರಾ ಇರಲಿಲ್ಲ. ಯಾತ್ರಿಕ ಗೀಚಿ ತಂದದ್ದನ್ನು ಆಮ್‌ಸ್ಟರ್‌ಡ್ಯಾಮಿನಲ್ಲೋ ಪ್ಯಾರಿಸ್‌ನಲ್ಲೋ ಕೂತ ಕೆಲಸಗಾರ ತಾಮ್ರದ ತಗಡಿನ ಮೇಲೆ ಕೊರೆಯುತ್ತಿದ್ದ. ಅವನು ಇರಾನನ್ನು ಕಂಡವನಲ್ಲ. ಖಾಲಿ ಜಾಗ ಕಂಡರೆ ಒಂದು ಮರ ಸೇರಿಸುತ್ತಿದ್ದ, ಒಂದು ಗುಡ್ಡ ಸೇರಿಸುತ್ತಿದ್ದ.

ಸೇರಿಸದೆ ಬರೆದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಇದು ನನಗೆ ತುಂಬಾ ಇಷ್ಟದ ಕತೆ.

ಶಿರಾಜ್ ಹತ್ತಿರ ಪರ್ಸೆಪೊಲಿಸ್ ಇದೆ. ಇರಾನಿನವರು ತಖ್ತ್-ಎ-ಜಮ್‌ಶೀದ್ ಅನ್ನುತ್ತಾರೆ. ಡೇರಿಯಸ್ ದೊರೆ ಕಟ್ಟಿಸಲು ಶುರುಮಾಡಿದ ಅರಮನೆಗಳವು. ಕ್ರಿಸ್ತಪೂರ್ವ 330ರಲ್ಲಿ ಅಲೆಕ್ಸಾಂಡರನ ಕಾಲಕ್ಕೆ ಸುಟ್ಟುಹೋದವು. ಕಲ್ಲು ಉಳಿಯಿತು. ಕಲ್ಲಿನ ಮೇಲೆ ಮೊಳೆ ಜೋಡಿಸಿದಂಥ ಅಕ್ಷರಗಳೂ ಉಳಿದವು. ಅವನ್ನು ಓದಬಲ್ಲವರು ಒಬ್ಬರೂ ಉಳಿಯಲಿಲ್ಲ.

1761ರಲ್ಲಿ ಡೆನ್ಮಾರ್ಕಿನ ರಾಜ ಆರು ಜನರ ತಂಡವನ್ನು ಅರಬ್ ದೇಶಗಳಿಗೆ ಕಳಿಸಿದ. ಚಿತ್ರ ಬರೆಯಲೆಂದೇ ಬೌರೆನ್‌ಫೈಂಡ್ ಎಂಬ ಕಲಾವಿದ ಜೊತೆಗಿದ್ದ. ಯೆಮೆನ್‌ನಲ್ಲಿ ಇಬ್ಬರು ತೀರಿಕೊಂಡರು. ಮುಂಬಯಿಗೆ ಬರುವ ಹಡಗಿನಲ್ಲಿ ಆ ಕಲಾವಿದನೂ ಒಬ್ಬ ಸೇವಕನೂ ಹೋದರು. ಮುಂಬಯಿಯಲ್ಲಿ ವೈದ್ಯನೂ ಸತ್ತ. ಉಳಿದವನು ಕಾರ್ಸ್ಟೆನ್ ನೀಬೂರ್ ಒಬ್ಬನೇ. ಅವನ ಕೆಲಸ ನೆಲ ಅಳೆಯುವುದು, ನಕ್ಷೆ ಮಾಡುವುದು.

ಅವನು ವಾಪಸ್ ಹೋಗುವ ದಾರಿಯಲ್ಲಿ, 1765ರ ಮಾರ್ಚಿನಲ್ಲಿ, ಪರ್ಸೆಪೊಲಿಸ್‌ಗೆ ಬಂದ. ಸುಮಾರು ಮೂರು ವಾರ ನಿಂತ. ಆ ಅಕ್ಷರಗಳನ್ನು ಒಂದೊಂದೇ ಮೊಳೆ ನೋಡಿ ಇಳಿಸಿಕೊಂಡ. ಅರ್ಥ ಗೊತ್ತಿಲ್ಲ, ಆದರೂ ಒಂದು ಗೆರೆಯನ್ನೂ ಸುಮ್ನೆ ಹಾಕಲಿಲ್ಲ. ಇಲ್ಲಿರುವುದು ಮೂರು ಬಗೆಯ ಬರಹ ಅಂತ ಗುರುತಿಸಿದ. ತೀರಾ ಸರಳವಾದದ್ದರಲ್ಲಿ 42 ಚಿಹ್ನೆ ಎಣಿಸಿದ.

ಆ ಅಚ್ಚುಗಳು 1778ರಲ್ಲಿ ಹೊರಬಂದವು. 1802ರಲ್ಲಿ ಅವು ಜರ್ಮನಿಯ ಗ್ರೋಟೆಫೆಂಡ್ ಎಂಬ ಶಾಲಾ ಮೇಷ್ಟರ ಮುಂದಿದ್ದವು. ಈ ಮೇಷ್ಟರು ಇರಾನಿಗೆ ಹೋದವರಲ್ಲ, ಎರಡು ಚಿಕ್ಕ ಶಾಸನ ಆರಿಸಿಕೊಂಡು ಹೀಗೆ ಯೋಚಿಸಿದರು. ರಾಜರ ಶಾಸನ ಅಂದಮೇಲೆ ‘ಇಂಥವನು, ಮಹಾರಾಜ, ರಾಜರ ರಾಜ, ಇಂಥವನ ಮಗ’ ಅಂತ ಇರಬೇಕು, ಅಲ್ವಾ? ಒಂದರಲ್ಲಿ ಅಪ್ಪನ ಹೆಸರಿನ ಜೊತೆ ‘ರಾಜ’ ಅನ್ನುವ ಪದ ಇದೆ. ಇನ್ನೊಂದರಲ್ಲಿ ಇಲ್ಲ. ಮೊದಲನೆಯದರಲ್ಲಿ ಅಪ್ಪ ಆದವನೇ ಎರಡನೆಯದರಲ್ಲಿ ರಾಜ. ಹಾಗಾದರೆ ತಾತ ರಾಜನಲ್ಲ, ಅಪ್ಪ ರಾಜ, ಮಗ ರಾಜ. ಅಂಥ ಮನೆ ಯಾವುದು? ತಾತ ಹಿಸ್ಟಾಸ್ಪಿಸ್, ಅಪ್ಪ ಡೇರಿಯಸ್, ಮಗ ಜರ್ಕ್ಸಿಸ್! ಎರಡು ಸಾವಿರ ವರ್ಷ ಬಾಯಿ ಮುಚ್ಚಿದ್ದ ಕಲ್ಲು ಮಾತಾಡಿತು. ನೀಬೂರ್ ಅಂದಕ್ಕೆಂದು ನಾಲ್ಕು ಮೊಳೆ ಹೆಚ್ಚು ಹಾಕಿದ್ದರೆ ಇದು ಆಗುತ್ತಿತ್ತೇ?

ಸಮಯ ಕಡಿಮೆ ಇದೆ, ಭೂಪಟಕ್ಕೆ ಬರುತ್ತೇನೆ. ಅಲ್ಲೂ ಅದೇ ಪ್ರಶ್ನೆ. ಓರ್ಟೆಲಿಯಸ್ ಎಂಬ ಭೂಪಟಗಾರನ 1570ರ ಭೂಪಟದಲ್ಲಿ ಇರಾನಿನ ಉತ್ತರದ ಕ್ಯಾಸ್ಪಿಯನ್ ಸಮುದ್ರ ಪೂರ್ವ ಪಶ್ಚಿಮವಾಗಿ ಅಡ್ಡ ಮಲಗಿದೆ. ಅದು ಪ್ರಾಚೀನ ಭೂಗೋಳಜ್ಞ ಟಾಲೆಮಿಯ ಕಾಲದಿಂದ ನಕಲು ಮಾಡಿಕೊಂಡು ಬಂದ ತಪ್ಪು. 1630ರ ದಶಕದಲ್ಲಿ ಒಲಿಯಾರಿಯಸ್ ಎಂಬ ಜರ್ಮನ್ ಯಾತ್ರಿಕ ಆ ಸಮುದ್ರದಲ್ಲಿ ಹಡಗಿನಲ್ಲಿ ಹೋದ. ಅವನ ಭೂಪಟದಲ್ಲಿ ಅದು ಉತ್ತರ ದಕ್ಷಿಣವಾಗಿ ನೆಟ್ಟಗೆ ನಿಂತಿತು.

ಕೊನೆಗೆ ಒಬ್ಬನನ್ನು ಹೇಳದೆ ಬಿಡಲಾರೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. ನೀಬೂರ್‌ಗಿಂತ ಎಷ್ಟೋ ಮೊದಲು, 1621ರಲ್ಲಿ, ಪರ್ಸೆಪೊಲಿಸ್‌ನಲ್ಲಿ ನಿಂತು ಐದೇ ಐದು ಅಕ್ಷರ ಬರೆದುಕೊಂಡ. ಇವು ಎಡದಿಂದ ಬಲಕ್ಕೆ ಓದುವಂಥವು ಅಂತ ಊಹಿಸಿದ. ಊಹೆ ಸರಿಯಾಗಿತ್ತು. ಎರಡು ವರ್ಷದ ಮೇಲೆ ಅದೇ ಮನುಷ್ಯ ಘಟ್ಟ ಹತ್ತಿ ನಮ್ಮ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಹುಡುಗರು ರಾಗವಾಗಿ ಹೇಳುತ್ತಾ, ಮರಳ ಮೇಲೆ ಬೆರಳಲ್ಲಿ ಲೆಕ್ಕ ಬರೆಯುವುದನ್ನು ನಿಂತು ನೋಡಿದ. ನೋಡಿದ್ದನ್ನು ನೋಡಿದ ಹಾಗೆಯೇ ಊರಿಗೆ ಬರೆದು ಕಳಿಸಿದ.

ನಮಸ್ಕಾರ.