ಬೀಟಲ್ಸ್ ಮಲಗುತ್ತಿದ್ದ ಟಾಕೀಸು, ನಾನು ಕಳಕೊಂಡ ಯೂರೋ

ಬೋರ್ಡ್ ನೋಡಿದ್ರಾ? ಇಂದ್ರಾ. ಹೌದು, ಹ್ಯಾಂಬರ್ಗಿನ ಗ್ರೋಸ್ಸೆ ಫ್ರೈಹೈಟ್ ಬೀದೀಲಿ ದೇವೇಂದ್ರನ ಹೆಸರಿನ ಕ್ಲಬ್ಬು. 1960ರ ಆಗಸ್ಟ್ 17ಕ್ಕೆ ಇಂಗ್ಲೆಂಡಿನ ಲಿವರ್‌ಪೂಲಿನ ರಾಕ್ ಬ್ಯಾಂಡ್ ಬೀಟಲ್ಸ್ ಇಲ್ಲಿ ನುಡಿಸೋಕೆ ಶುರು ಮಾಡಿದ್ದು. ಆಗ ಐದು ಜನ: ಜಾನ್, ಪಾಲ್, ಜಾರ್ಜ್, ಬೇಸ್ ಗಿಟಾರಿಗೆ ಸ್ಟುವರ್ಟ್ ಸಟ್‌ಕ್ಲಿಫ್, ಡ್ರಮ್ಸಿಗೆ ಪೀಟ್ ಬೆಸ್ಟ್. ಆಮೇಲೆ ಡ್ರಮ್ಸಿಗೆ ಬಂದ ರಿಂಗೊ ಇನ್ನೂ ಇಲ್ಲ. ಜಾರ್ಜ್‌ಗೆ ಹದಿನೇಳು. ಹದಿನೇಳರ ಹುಡುಗನನ್ನ ಕಳಿಸೋ ಬೀದಿನಾ ಇದು? ಅಕ್ಕಪಕ್ಕದ ಬೋರ್ಡುಗಳನ್ನ ಎಡಿಟ್‌ನಲ್ಲಿ ಮಬ್ಬು ಮಾಡಿದೀನಿ, ಅಮ್ಮನೂ ಈ ಚಾನೆಲ್ ನೋಡ್ತಾರೆ.

ಸಂಬಳ ದಿನಕ್ಕೆ ತಲೆಗೆ 30 ಮಾರ್ಕ್, ಅಂದ್ರೆ ಆಗಿನ ಜರ್ಮನ್ ದುಡ್ಡು. ಮಾಮೂಲಿ ದಿನ ನಾಲ್ಕೂವರೆ ಗಂಟೆ, ವಾರದ ಕೊನೇಲಿ ಆರು ಗಂಟೆ ನುಡಿಸಬೇಕು. ಗಣೇಶನ ಪೆಂಡಾಲಲ್ಲಿ ಆರ್ಕೆಸ್ಟ್ರಾದವರು ಎಳೀತಾರಲ್ಲ, ಹಾಗೆ, ಆದ್ರೆ ದಿನಾ. ಸುಮ್ಮನೆ ನಿಂತು ಹಾಡಿದ್ರೆ ಮಾಲೀಕ ಬ್ರೂನೊ ಕೋಶ್‌ಮಿಡರ್ ಕೆಳಗಿಂದ ‘ಮಾಖ್ ಶೌ’, ಅಂದ್ರೆ ಶೋ ಮಾಡ್ರೋ ಅಂತ ಅರಚೋನಂತೆ.

ಹಿಂದಿನ ಬೀದಿಗೆ ಬಂದ್ವಿ. ಬಾಂಬಿ ಕೀನೊ ಅಂತ ಟಾಕೀಸಿತ್ತು ಇಲ್ಲಿ, ಅದೂ ಕೋಶ್‌ಮಿಡರ್‌ದೇ. ಪರದೆ ಹಿಂದೆ ಕಿಟಕಿನೂ ಇಲ್ಲದ ಗೂಡುಗಳು, ಪಕ್ಕದಲ್ಲೇ ಟಾಯ್ಲೆಟ್ಟು. ಹುಡುಗರನ್ನ ಮಲಗಿಸಿದ್ದು ಅಲ್ಲಿ. ಆ ವಾಸನೆ ಬಗ್ಗೆ ಪಾಲ್ ಆಮೇಲೂ ಹೇಳಿಕೊಂಡಿದಾರೆ.

ಟಾಯ್ಲೆಟ್ ಅಂದ್ರೆ ಬೆಳಗಿನ ಕತೆ ಹೇಳಲೇಬೇಕು. ಸ್ಟೇಷನ್‌ನಲ್ಲಿ ಒಳಗೆ ಹೋಗೋಕೆ ಒಂದು ಯೂರೋ. ಹತ್ತಿರ ಹತ್ತಿರ ನೂರು ರೂಪಾಯಿ ರೀ! ಗೇಟಿಗೆ ನಾಣ್ಯನೇ ಹಾಕಬೇಕು, ಕಾರ್ಡ್ ಉಜ್ಜೋ ಜಾಗಕ್ಕೆ ಟೇಪ್ ಸುತ್ತಿಬಿಟ್ಟಿದಾರೆ. ನನ್ನ ಹತ್ರ ಇರೋದು ಇಪ್ಪತ್ತರ ನೋಟು. ಎದುರಿನ ಅಂಗಡೀಲಿ ಚಿಲ್ಲರೆ ಕೇಳಿದ್ರೆ ಏನಾದ್ರೂ ತಗೊಳ್ಳಿ ಅಂದ್ರು. ತಗೊಂಡಿದ್ದು ನೀರಿನ ಬಾಟ್ಲು. ಅದರ ಮೇಲೆ ಬಾಟ್ಲಿಗೆ ಠೇವಣಿ ಅಂತ 25 ಸೆಂಟ್. ದುಡ್ಡು ಕೊಟ್ಟಿದೀನಲ್ಲ ಅಂತ ಅಷ್ಟೂ ನೀರು ಕುಡಿದೆ. ಕುಡಿದಮೇಲೆ ಇನ್ನೇನು, ಮತ್ತೆ ಅದೇ ಗೇಟು, ಮತ್ತೆ ಒಂದು ಯೂರೋ! ಬೀಟಲ್ಸ್‌ಗೆ ವಾಸನೆ ಇದ್ರೂ ಬಿಟ್ಟಿ ಇತ್ತು. ಆದರೂ ಒಳಗೆ ಬಹಳ ಚೊಕ್ಕಟ, ಅದನ್ನ ಒಪ್ಕೋಬೇಕು. ಕೊಡಬಹುದು ಒಂದು ಯೂರೋ. ಎರಡು ಕೊಡಬಾರದು.

ಅಯ್ಯೋ, ಕೋಶ್‌ಮಿಡರ್‌ನ ಇನ್ನೊಂದು ಕ್ಲಬ್ಬು ಕೈಸರ್‌ಕೆಲರ್, ಅದರ ಬಾಗಿಲು ದಾಟೇ ಹೋಯ್ತು. ಇಂದ್ರಾದಲ್ಲಿ ಗಲಾಟೆ ಜಾಸ್ತಿ ಅಂತ ದೂರು ಬಂದಮೇಲೆ ಅಕ್ಟೋಬರಲ್ಲಿ ಇಲ್ಲಿಗೆ ಹಾಕಿದ್ರು. ಆಮೇಲೆ ಮಾಲೀಕನ ಜೊತೆ ಕೆಟ್ಟಿತು. ವಯಸ್ಸು ಸಾಲದು ಅಂತ ಜಾರ್ಜ್‌ನ ಊರಿಗೆ ಅಟ್ಟಿದ್ರು. ಪಾಲ್ ಮತ್ತೆ ಪೀಟ್ ಟಾಕೀಸಿನ ಕತ್ತಲಲ್ಲಿ ಕಾಂಡೋಮ್‌ಗೆ ಬೆಂಕಿ ಹಚ್ಚಿ ಪೊಲೀಸರ ಕೈಗೆ ಸಿಕ್ಕಿದ್ರು, ಅವರೂ ಗಡೀಪಾರು. ಆದ್ರೆ ಡಿಸೆಂಬರ್ 27ಕ್ಕೆ ಲಿವರ್‌ಪೂಲ್ ಹತ್ರ ಲಿದರ್‌ಲ್ಯಾಂಡ್‌ನಲ್ಲಿ ನುಡಿಸಿದಾಗ ಜನ ಹುಚ್ಚೆದ್ದು ಕೂಗಿದ್ರು. ‘ಹ್ಯಾಂಬರ್ಗಿಂದ ನೇರ’ ಅಂತ ಪ್ರಚಾರ ಮಾಡಿದ್ರಿಂದ ಕೆಲವರು ಇವರನ್ನ ಜರ್ಮನ್ನರು ಅಂದ್ಕೊಂಡಿದ್ರಂತೆ!

ಬೀಟಲ್ಸ್‌ನ ಮಾಡಿದ್ದೇ ಹ್ಯಾಂಬರ್ಗಿನ ಈ ದುಡಿತ, ಪ್ರತಿಭೆ ಗಿತಿಭೆ ಎಲ್ಲ ಆಮೇಲೆ ಅಂತ ನನ್ನ ವಾದ. ಇಲ್ಲ, ತಡೀರಿ. ಇದೇ ಕೈಸರ್‌ಕೆಲರ್ ಸ್ಟೇಜಲ್ಲಿ ರೋರಿ ಸ್ಟಾರ್ಮ್ ತಂಡನೂ ಸರದಿ ಮೇಲೆ ಗಂಟೆಗಟ್ಟಲೆ ನುಡಿಸಿತ್ತು. ಈಗ ಆ ತಂಡದ ಹೆಸರು ಬರೋದು ರಿಂಗೊ ಅದರಲ್ಲಿದ್ದ ಅಂತ ಮಾತ್ರ. ಪೀಟ್ ಬೆಸ್ಟ್ ಕತೆ ಇನ್ನೂ ಕಷ್ಟ. ಅಷ್ಟೂ ರಾತ್ರಿ ಬಡಿದ. ರೆಕಾರ್ಡ್ ಮಾಡೋ ಕಾಲ ಬಂತು, 1962ರ ಆಗಸ್ಟಲ್ಲಿ ಹೊರಗೆ ಹಾಕಿದ್ರು. ಅದನ್ನ ಹೇಳಿದ್ದೂ ಇವರಲ್ಲ, ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ಕೈಲಿ ಹೇಳಿಸಿದ್ರು. ಹೇಡಿಗಳು! ಅಕ್ಟೋಬರಲ್ಲಿ ‘ಲವ್ ಮಿ ಡು’ ಹಾಡಿನ ರೆಕಾರ್ಡ್ ಬಂತು, ಬ್ರಿಟನ್ನಲ್ಲಿ 17ನೇ ಸ್ಥಾನ. 1964ರ ಫೆಬ್ರವರಿಗೆ ಅಮೆರಿಕದ ಟೀವೀಲಿ 7.3 ಕೋಟಿ ಜನ ನೋಡಿದ್ರು, ಡ್ರಮ್ಸ್ ಹಿಂದೆ ರಿಂಗೊ.

ಇದು ಬೀಟಲ್ಸ್ ಚೌಕ. ಈ ಸ್ಟೀಲ್ ಬೊಂಬೆಗಳಲ್ಲಿ ಡ್ರಮ್ಸಿನವನು ಪೀಟೂ ಹೌದು, ರಿಂಗೊನೂ ಹೌದು ಅಂತೆ. ಇನ್ನೊಂದು ಬೊಂಬೆಗೆ ಸ್ಟೀಲ್ ಕೊರತೆ ಆಗಿತ್ತಾ? ನನಗೆ ಒಪ್ಪಿಗೆ ಇಲ್ಲ. ಅಣ್ಣ, ಸ್ವಲ್ಪ ಸರೀರಿ... ಇವರಿಗೆ ಕನ್ನಡ ಎಲ್ಲಿ ಬರಬೇಕು. ಬಂದು ಫ್ರೇಮಲ್ಲೇ ನಿಂತ್ರು, ಕಟ್ ಮಾಡ್ತೀನಿ. ಸ್ಟಾರ್ ಕ್ಲಬ್ ಇದ್ದ ಜಾಗ ಮುಂದಿನ ವಿಡಿಯೋದಲ್ಲಿ.